ನಷ್ಟ ಯಾರ ಪಾಲಿಗೆ

— ಅಲ್ಲ ಕಣಮ್ಮ, ಪಾತ್ರೆ ಬಡಿದರೆ ಮುಳುಗಿದ ದೇಶ ಎದ್ದು ಬರುತ್ತದೆಯೇ?

— ಪಾತ್ರೆ ಬಡಿದಿದ್ದಕ್ಕೇ ಎದ್ದು ಬಂತು ಅಂತ ನಾನೆಲ್ಲಿ ಹೇಳಿದೆ ಮಾವ? ಮುಳುಗಿಸಿದವರು ಯಾರು, ಈಗ ನೀರು ಮೊಗೆದು ಹಾಕಬೇಕಾದವರು ಯಾರು ಅಂತ ಗಟ್ಟಿಯಾಗಿ ಕೇಳುವುದಕ್ಕೆ ಜನರಿಗೆ ಆ ಪಾತ್ರೆ ಬೇಕಾಯಿತು ಅಂದೆ.

— ಸರಿ, ಮೊದಲಿನಿಂದ ಹೇಳು. ಐಸ್‌ಲ್ಯಾಂಡ್ ಅಂದರೆ ನನಗೆ ಆಗ ಪೇಪರಿನಲ್ಲಿ ಓದಿದ್ದು ಅರೆಬರೆ ನೆನಪಿದೆ. 2008, ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಕುಸಿದ ವರ್ಷ.

— ಲೀಮನ್ ಕುಸಿದಿದ್ದು ಸೆಪ್ಟೆಂಬರ್ 15ಕ್ಕೆ. ಅದಾಗಿ ಮೂರೇ ವಾರಕ್ಕೆ ಐಸ್‌ಲ್ಯಾಂಡ್ ಸರದಿ. ಆಗ ಅಲ್ಲಿನ ಜನಸಂಖ್ಯೆ ಸುಮಾರು 3,20,000, ನಮ್ಮ ಒಂದು ತಾಲ್ಲೂಕಿನಷ್ಟು. ಮೀನು, ಅಲ್ಯೂಮಿನಿಯಂ, ನೆಲದಡಿಯ ಬಿಸಿನೀರು ನಂಬಿಕೊಂಡು ಬದುಕಿದ್ದ ಜನ. ಬ್ಯಾಂಕುಗಳು ಬಹುತೇಕ ಸರ್ಕಾರದ ಕೈಯಲ್ಲಿದ್ದವು. 2003ರ ಹೊತ್ತಿಗೆ ಖಾಸಗಿಯವರ ಪಾಲಾದವು. ಐದು ವರ್ಷ ಕಳೆಯುವುದರೊಳಗೆ ಗ್ಲಿಟ್ನಿರ್, ಲಾಂಡ್ಸ್‌ಬಾಂಕಿ, ಕೌಪ್‌ಥಿಂಗ್ ಅನ್ನುವ ಮೂರು ಬ್ಯಾಂಕುಗಳ ಆಸ್ತಿ ಇಡೀ ದೇಶದ ಒಂದು ವರ್ಷದ ಉತ್ಪನ್ನದ ಸುಮಾರು ಹತ್ತು ಪಟ್ಟಿಗೆ ಬೆಳೆದು ನಿಂತಿತ್ತು.

— ಬ್ಯಾಂಕಿನ ಆಸ್ತಿ ಅಂದರೆ ಅದು ಕೊಟ್ಟ ಸಾಲ ತಾನೆ? ಸಾಲ ಕೊಡುವುದಕ್ಕೆ ತಾನೂ ಸಾಲ ತಂದಿರಬೇಕು.

— ಬಹುಪಾಲು ವಿದೇಶದ್ದು, ಅದರಲ್ಲೂ ಬೇಗ ತೀರಿಸಬೇಕಾದ ಸಾಲ. ಲೀಮನ್ ಬಿದ್ದ ಮೇಲೆ ಹೊಸ ಸಾಲ ಹುಟ್ಟಲಿಲ್ಲ. ಅಕ್ಟೋಬರ್ 6ರಂದು ಪ್ರಧಾನಿ ಗೇರ್ ಹಾರ್ದೆ ಟಿವಿಯಲ್ಲಿ ಮಾತಾಡಿದರು. ದೇಶವೇ ಬ್ಯಾಂಕುಗಳ ಜೊತೆ ಸುಳಿಗೆ ಸಿಕ್ಕುವ ಅಪಾಯವಿದೆ ಅಂದು, ಕೊನೆಗೆ ದೇವರು ಐಸ್‌ಲ್ಯಾಂಡನ್ನು ಕಾಪಾಡಲಿ ಅಂತ ಮಾತು ಮುಗಿಸಿದರು. ಅವರ ರಾಜಕಾರಣಿಗಳು ಹಾಗೆ ದೇವರ ಹೆಸರೆತ್ತುವವರಲ್ಲ. ಅದನ್ನು ಕೇಳಿದ ಮೇಲೆಯೇ ಜನಕ್ಕೆ ನಿಜವಾದ ಭಯ ಹತ್ತಿದ್ದು. ಆ ವಾರ ಮುಗಿಯುವಷ್ಟರಲ್ಲಿ ಮೂರೂ ಬ್ಯಾಂಕುಗಳು ಸರ್ಕಾರದ ವಶಕ್ಕೆ ಬಂದವು.

— ಜನರ ಗತಿ?

— ಅವರ ನಾಣ್ಯ ಕ್ರೋನಾ. ಅದರ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಬಡ್ಡಿ ಕಡಿಮೆ ಅಂತ ಎಷ್ಟೋ ಮನೆಯವರು ಕಾರಿಗೂ ಮನೆಗೂ ಜಪಾನಿನ ಯೆನ್, ಸ್ವಿಸ್ ಫ್ರಾಂಕ್‌ಗೆ ಜೋಡಿಸಿದ ಸಾಲ ತೆಗೆದಿದ್ದರು. ಕ್ರೋನಾ ಅರ್ಧವಾದರೆ ಸಾಲ ದುಪ್ಪಟ್ಟು. ಸಂಬಳ ಮಾತ್ರ ಕ್ರೋನಾದಲ್ಲೇ. ಬೆಲೆ ಏರಿಕೆ 2009ರ ಜನವರಿಯಲ್ಲಿ ಶೇ. 18 ದಾಟಿತು. ಒಂದು ರೂಪಾಯಿ ದುಂದು ಮಾಡದೆ, ಕಂತು ತಪ್ಪಿಸದೆ ಬದುಕಿದ ಕುಟುಂಬ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಬೆಲೆಗಿಂತ ಮನೆಯ ಸಾಲವೇ ದೊಡ್ಡದು.

— ಅದು ನನಗೆ ಅರ್ಥವಾಗುತ್ತದೆ. ತಾನು ಮಾಡದ ತಪ್ಪಿಗೆ ತಾನೇ ತೆರುವುದು.

— ಗೊತ್ತು ಮಾವ. ಅದಕ್ಕೇ ಈ ಕತೆ ನಿಮಗೆ ಹೇಳಬೇಕು ಅನ್ನಿಸಿದ್ದು.

— ಪಾತ್ರೆ ಎಲ್ಲಿಂದ ಬಂತು ಹೇಳು.

— ಮೊದಲು ಪಾತ್ರೆ ಇರಲಿಲ್ಲ, ಒಬ್ಬ ಮನುಷ್ಯ ಇದ್ದ. ಹೋರ್ದುರ್ ತೋರ್ಫಾಸನ್ ಅಂತ ಹಾಡುಗಾರ, ನಟ, ವಯಸ್ಸು ಅರವತ್ತು ದಾಟಿತ್ತು. ಬ್ಯಾಂಕು ಬಿದ್ದ ಆ ವಾರವೇ ಸಂಸತ್ತಿನ ಎದುರಿನ ಚೌಕಕ್ಕೆ ಹೋಗಿ ನಿಂತ. ಈ ದೇಶದಲ್ಲಿ ಏನಾಗಿದೆ ಗೊತ್ತೇ, ನಾವೇನು ಮಾಡಬಹುದು ಅಂತ ದಾರಿಹೋಕರನ್ನು ನಿಲ್ಲಿಸಿ ಕೇಳಿದ. ಆಮೇಲೆ ಒಂದು ಮೈಕು ತಂದಿಟ್ಟ. ಬೇಕಾದವರು ಬಂದು ಮಾತಾಡಬಹುದು. ಪ್ರತಿ ಶನಿವಾರ ಮಧ್ಯಾಹ್ನ ಸಭೆ. ಮೊದಲ ವಾರ ಕೆಲವರು, ಆಮೇಲೆ ನೂರು, ಸಾವಿರ. ಆ ಚೌಕದಲ್ಲಿ ಯೋನ್ ಸಿಗುರ್ದ್ಸನ್ ಅವರ ಪ್ರತಿಮೆ ಇದೆ. ಡೆನ್ಮಾರ್ಕಿನಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು. ಅದರ ಮುಖ ಸಂಸತ್ತಿನ ಕಡೆಗೇ ಇದೆ. ಹಿಮ ಬೀಳುವ ಚಳಿಗಾಲದಲ್ಲಿ, ಮೂರೂವರೆ ನಾಲ್ಕಕ್ಕೆಲ್ಲ ಕತ್ತಲಾಗುವ ಊರಿನಲ್ಲಿ, ಜನ ಆ ಪ್ರತಿಮೆಯ ಸುತ್ತ ನಿಂತು ಒಬ್ಬರ ಮಾತು ಒಬ್ಬರು ಕೇಳಿದರು. ಶಾಲೆಯ ಮಕ್ಕಳು, ಅಜ್ಜಿಯರು, ಕೆಲಸ ಕಳೆದುಕೊಂಡವರು. ಕೇಳಿದ್ದು ಮೂರು: ಸರ್ಕಾರ ಇಳಿಯಬೇಕು, ಕೇಂದ್ರ ಬ್ಯಾಂಕಿನ ಮುಖ್ಯಸ್ಥರು ಹೋಗಬೇಕು, ಹಣಕಾಸಿನ ಮೇಲ್ವಿಚಾರಣೆ ಮಾಡಬೇಕಾಗಿದ್ದವರು ಹೋಗಬೇಕು.

— ಪಾತ್ರೆ?

— ಬಂದೆ. ಕ್ರಿಸ್‌ಮಸ್ ರಜೆ ಮುಗಿದು 2009ರ ಜನವರಿ 20ಕ್ಕೆ ಸಂಸತ್ತು ಮತ್ತೆ ಸೇರಿತು. ದೇಶ ಹೊತ್ತಿ ಉರಿಯುವಾಗ ಅವತ್ತಿನ ಕಲಾಪದಲ್ಲಿ ಮಾಮೂಲಿ ವಿಷಯಗಳೇ ಇದ್ದವು. ಹೊರಗೆ ಜನ ಅಡುಗೆ ಮನೆಯಿಂದ ಬೋಗುಣಿ, ಬಾಣಲೆ, ಸೌಟು ಹಿಡಿದು ಬಂದಿದ್ದರು. ಒಳಗಿನವರಿಗೆ ತಮ್ಮ ಭಾಷಣ ತಮಗೇ ಕೇಳಬಾರದು, ಅಂಥ ಸದ್ದು. ರಾತ್ರಿ ಬೆಚ್ಚಗಿರಲು ಬೆಂಕಿ ಹಾಕಿದರು. ಚೌಕದಲ್ಲಿದ್ದ ದೊಡ್ಡ ಕ್ರಿಸ್‌ಮಸ್ ಮರವೂ ಅದಕ್ಕೆ ಹೋಯಿತು. ಓಸ್ಲೊ ನಗರದಿಂದ ಉಡುಗೊರೆಯಾಗಿ ಬಂದಿದ್ದ ಮರ. ಒಂದು ವಾರ ಬಡಿದರು. ಜನವರಿ 26ಕ್ಕೆ ಸರ್ಕಾರ ಬಿತ್ತು. ಏಪ್ರಿಲ್ 25ಕ್ಕೆ ಚುನಾವಣೆ. ಈಗಲೂ ಅಲ್ಲಿನವರು ಅದನ್ನು ಅಡುಗೆ ಪಾತ್ರೆಗಳ ಕ್ರಾಂತಿ ಅಂತಲೇ ಕರೆಯುವುದು.

— ಸರ್ಕಾರ ಬೀಳಿಸುವುದು ಒಂದು ದಿನದ ಕೆಲಸ ಕಣಮ್ಮ. ಶ್ರೀಲಂಕಾದಲ್ಲೂ ಬೀಳಿಸಿದರು, ಅಧ್ಯಕ್ಷರ ಮನೆಗೇ ನುಗ್ಗಿದರು. ಆಮೇಲೆ?

— ಲಂಕೆಯ ಮಾತಿಗೆ ಬರೋಣ, ನಾನೂ ಅದನ್ನೇ ಹೇಳಬೇಕಿದೆ. ಐಸ್‌ಲ್ಯಾಂಡಿನಲ್ಲಿ ಆಮೇಲೆ ಆಗಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಇದೆ. ಕುಸಿತಕ್ಕೆ ಕಾರಣ ಹುಡುಕಲು ಸಂಸತ್ತು ಮೂವರ ಆಯೋಗ ಮಾಡಿತ್ತು. ಬ್ಯಾಂಕಿನ ಗುಟ್ಟಿನ ದಾಖಲೆಗಳನ್ನೆಲ್ಲ ತೆರೆಸಿ ನೋಡುವ ಅಧಿಕಾರ ಅದಕ್ಕಿತ್ತು. 2010ರ ಏಪ್ರಿಲ್ 12ಕ್ಕೆ ವರದಿ ಬಂತು. ಒಂಬತ್ತು ಸಂಪುಟ, ಎರಡು ಸಾವಿರಕ್ಕೂ ಹೆಚ್ಚು ಪುಟ.

— ಅಷ್ಟು ದೊಡ್ಡ ವರದಿ ಯಾರು ಓದುತ್ತಾರೆ? ಕಪಾಟಿಗೆ ಹೋಗುತ್ತದೆ.

— ಓದಿದರು ಮಾವ. ರಾಜಧಾನಿ ರೇಕ್ಯಾವಿಕ್ ನಗರದ ರಂಗಮಂದಿರದ ನಟನಟಿಯರು ಆ ವರದಿಯನ್ನು ವೇದಿಕೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಸರದಿಯ ಮೇಲೆ, ಹಗಲು ರಾತ್ರಿ ನಿಲ್ಲಿಸದೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಐದಾರು ದಿನ. ಜನ ಬಂದು ಕೂತು ಕೇಳಿದರು. ಮನೆಯಲ್ಲಿ ಕೂತೂ ಕೇಳಿದರು. ಯಾವ ಬ್ಯಾಂಕಿನ ಒಡೆಯ ತನ್ನದೇ ಬ್ಯಾಂಕಿನಿಂದ ಎಷ್ಟು ಸಾಲ ಎತ್ತಿದ, ತನ್ನ ಷೇರು ಕೊಳ್ಳಲು ತಾನೇ ಹೇಗೆ ಸಾಲ ಕೊಟ್ಟುಕೊಂಡ, ನೋಡಬೇಕಾದ ಅಧಿಕಾರಿ ಹೇಗೆ ನೋಡಲಿಲ್ಲ, ಎಲ್ಲ. ನಮ್ಮ ಕಡೆ ಗಮಕಿಗಳು ಭಾರತ ಓದುವಾಗ ಊರು ಕೂತು ಕೇಳುತ್ತಿತ್ತು ಅಂತ ಅಜ್ಜ ಹೇಳುತ್ತಿದ್ದರಲ್ಲ, ಅದನ್ನು ನೆನೆದುಕೊಂಡೆ. ಅಲ್ಲಿ ಓದಿದ್ದು ಲೆಕ್ಕ.

— ...

— ಯಾಕೆ ಮಾವ, ಸುಮ್ಮನಾದಿರಿ?

— ಏನಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಲೆಕ್ಕವನ್ನು ಊರು ಕೂತು ಕೇಳಿದ್ದನ್ನು ಎಲ್ಲೂ ಕಾಣಲಿಲ್ಲ. ಮುಂದೆ ಹೇಳು. ಯಾರಿಗಾದರೂ ಶಿಕ್ಷೆ ಆಯಿತೇ?

— ಆಯಿತು. ವಿಶೇಷ ಅಭಿಯೋಜಕರ ಹುದ್ದೆಗೆ ಅರ್ಜಿ ಕರೆದಾಗ ಮೊದಲು ಒಬ್ಬರೂ ಹಾಕಲಿಲ್ಲ. ಊರೇ ಚಿಕ್ಕದು, ಎಲ್ಲರೂ ಎಲ್ಲರಿಗೂ ನೆಂಟರು, ಗೆಳೆಯರು. ಕೊನೆಗೆ ಅಕ್ರಾನೆಸ್ ಅನ್ನುವ ಚಿಕ್ಕ ಪಟ್ಟಣದ ಪೊಲೀಸ್ ಮುಖ್ಯಸ್ಥ ಓಲಾಫುರ್ ಹೌಕ್ಸನ್ ಒಪ್ಪಿಕೊಂಡರು. ಬೆರಳೆಣಿಕೆಯ ಸಿಬ್ಬಂದಿಯಿಂದ ಶುರು. ವರ್ಷಗಳೇ ಹಿಡಿದವು, ಆದರೆ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೌಪ್‌ಥಿಂಗ್‌ನ ಮುಖ್ಯಸ್ಥರು, ದೊಡ್ಡ ಷೇರುದಾರ ಸೇರಿ ನಾಲ್ವರಿಗೆ ನಾಲ್ಕರಿಂದ ಐದೂವರೆ ವರ್ಷ ಜೈಲು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಮೆರಿಕ, ಬ್ರಿಟನ್ ಎರಡೂ ಕಡೆ ಅಷ್ಟು ದೊಡ್ಡ ಬ್ಯಾಂಕರುಗಳು ಕುಸಿತದ ನಂತರ ಜೈಲಿಗೆ ಹೋಗಿದ್ದು ಇಲ್ಲವೆನ್ನುವಷ್ಟು ಕಡಿಮೆ.

— ಈಗ ನನ್ನ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಲಾಂಡ್ಸ್‌ಬಾಂಕಿಯಲ್ಲಿ ದುಡ್ಡು ಇಟ್ಟಿದ್ದ ಬ್ರಿಟನ್ನಿನವರ ವಿಷಯ ಏನು? ಅವರ ಠೇವಣಿ ಕೊಡುವುದಿಲ್ಲ ಅಂತ ಇದೇ ಐಸ್‌ಲ್ಯಾಂಡಿನ ಜನ ಓಟು ಹಾಕಿದರಂತಲ್ಲ. ಅದನ್ನೂ ನೀನು ಪ್ರಜಾಪ್ರಭುತ್ವ ಅನ್ನುತ್ತೀಯಾ?

— ಈ ಪ್ರಶ್ನೆ ನೀವೇ ಕೇಳಬೇಕು. ಹೇಳುತ್ತೇನೆ. ಐಸ್‌ಸೇವ್ ಅನ್ನುವ ಹೆಸರಿನಲ್ಲಿ ಲಾಂಡ್ಸ್‌ಬಾಂಕಿ ಬ್ರಿಟನ್, ನೆದರ್ಲೆಂಡ್ಸ್‌ಗಳಲ್ಲಿ ಆನ್‌ಲೈನ್ ಖಾತೆ ತೆರೆಸಿತ್ತು. ಬಡ್ಡಿ ಜಾಸ್ತಿ. ಬ್ರಿಟನ್ನಿನಲ್ಲೇ ಮೂರು ಲಕ್ಷ ಜನ ದುಡ್ಡು ಇಟ್ಟರು.

— ನನ್ನ ಹಾಗೆ.

— ನಿಮ್ಮ ಹಾಗೆ. ಆದರೆ ಅವರು ಬೀದಿಗೆ ಬೀಳಲಿಲ್ಲ. ಬ್ರಿಟನ್ ಸರ್ಕಾರ ತನ್ನ ಜನರಿಗೆ ತಾನೇ ಪೂರ್ತಿ ಕೊಟ್ಟಿತು. ನೆದರ್ಲೆಂಡ್ಸ್ ಒಂದು ಲಕ್ಷ ಯೂರೋವರೆಗೆ ಕೊಟ್ಟಿತು. ಆಮೇಲೆ ಇಬ್ಬರೂ ಐಸ್‌ಲ್ಯಾಂಡ್ ಕಡೆ ತಿರುಗಿ, ನಾವು ಕೊಟ್ಟಿದ್ದನ್ನು ನೀವು ತೀರಿಸಿ ಅಂದರು. ಬ್ರಿಟನ್ ಅಂತೂ ಭಯೋತ್ಪಾದನೆ ವಿರೋಧಿ ಕಾಯ್ದೆಯನ್ನೇ ಬಳಸಿ ಲಾಂಡ್ಸ್‌ಬಾಂಕಿಯ ಆಸ್ತಿ ತಡೆಹಿಡಿದಿತ್ತು. ಲೆಕ್ಕ ಸುಮಾರು 390 ಕೋಟಿ ಯೂರೋ. ನೀವೇ ಭಾಗಿಸಿ ನೋಡಿ.

— 3,20,000 ಜನ... ತಲೆಗೆ ಹನ್ನೆರಡು ಸಾವಿರ ಯೂರೋ ದಾಟುತ್ತದೆ. ತೊಟ್ಟಿಲಲ್ಲಿ ಇರುವ ಮಗುವಿಗೂ.

— ಬಡ್ಡಿ ಶೇ. 5.55, ತೀರಿಸಲು 2024ರವರೆಗೆ ಗಡುವು. ಬ್ಯಾಂಕು ಖಾಸಗಿಯವರದ್ದು, ಲಾಭ ಅವರಿಗೆ. ಸಾಲ ಮಾತ್ರ ಹುಟ್ಟದ ಮಕ್ಕಳಿಗೆ. ಸಂಸತ್ತು ಅಲ್ಪ ಅಂತರದಲ್ಲಿ ಒಪ್ಪಿತು. ಆಗ ಸುಮಾರು 56,000 ಮಂದಿ ಮನವಿಗೆ ಸಹಿ ಹಾಕಿದರು, ಅಂದರೆ ನಾಲ್ಕು ಮತದಾರರಲ್ಲಿ ಒಬ್ಬರು. 2010ರ ಜನವರಿ 2ರಂದು ಅಧ್ಯಕ್ಷರ ನಿವಾಸದ ಮುಂದೆ ಕೆಂಪು ಬೆಳಕಿನ ಜ್ವಾಲೆ ಹಚ್ಚಿ ಹಿಡಿದು ನಿಂತರು. ಕಡಲಲ್ಲಿ ದೋಣಿ ಅಪಾಯಕ್ಕೆ ಸಿಕ್ಕಾಗ ಮೀನುಗಾರರು ಹಚ್ಚುವ ಜ್ವಾಲೆ ಅದು. ಮೂರು ದಿನಕ್ಕೆ ಅಧ್ಯಕ್ಷ ಓಲಾಫುರ್ ರಾಗ್ನರ್ ಗ್ರಿಮ್ಸನ್ ಮಸೂದೆಗೆ ಸಹಿ ಹಾಕಲು ಒಪ್ಪಲಿಲ್ಲ. ಸಂವಿಧಾನದ ಪ್ರಕಾರ ಅದು ಜನರ ಮುಂದೆ ಹೋಯಿತು. ಮಾರ್ಚ್ 6ರ ಜನಮತಗಣನೆಯಲ್ಲಿ ಶೇ. 93ಕ್ಕೂ ಹೆಚ್ಚು ಜನ ಬೇಡ ಅಂದರು.

— ನಾಳೆ ನಮ್ಮ ಮನೆಯ ಸಾಲ ತೀರಿಸಬೇಕೇ ಬೇಡವೇ ಅಂತ ಓಟು ಹಾಕು ಅಂದರೆ ಯಾರು ಬೇಕು ಅನ್ನುತ್ತಾರೆ? ಅವರ ಓಟಿನಲ್ಲಿ ಏನು ದೊಡ್ಡತನ?

— ಕಟುವಾಗಿ ಕೇಳಿದರೂ ಸರಿಯಾಗಿ ಕೇಳಿದಿರಿ. ಆದರೆ ಆಮೇಲೆ ಏನಾಯಿತು ನೋಡಿ. ಬೇಡ ಅಂದಿದ್ದಕ್ಕೆ ಎದುರಿನವರು ಮಾತಿಗೆ ಬಂದರು. ಬಡ್ಡಿ ಶೇ. 3ರ ಆಸುಪಾಸಿಗೆ ಇಳಿಯಿತು. ಇದು ಸರಿಹೋದೀತು ಅಂತ ಸಂಸತ್ತು ಈ ಸಲ ದೊಡ್ಡ ಬಹುಮತದಿಂದ ಒಪ್ಪಿತು. ಅಧ್ಯಕ್ಷರು ಮತ್ತೆ ಜನರ ಮುಂದಿಟ್ಟರು. 2011ರ ಏಪ್ರಿಲ್ 9ಕ್ಕೆ ಎರಡನೇ ಮತ. ಆಗ ಶೇ. 40 ಜನ ಬೇಕು ಅಂದರು. ಗಮನಿಸಿ ಮಾವ, ಮೊದಲ ಸಲ ಬೇಕು ಅಂದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಕೊಡುವುದೇ ಇಲ್ಲ ಅಂತ ಕಣ್ಣು ಮುಚ್ಚಿ ಕೂತ ಜನ ಆಗಿದ್ದರೆ ಎರಡನೇ ಸಲವೂ ಹಾಗೇ ಹಾಕುತ್ತಿದ್ದರು. ಅವರು ಕರಾರು ಓದಿದರು, ಮನೆಮನೆಯಲ್ಲಿ ಜಗಳವಾಡಿದರು, ಎಷ್ಟೋ ಜನ ಮನಸ್ಸು ಬದಲಾಯಿಸಿದರು. ಆದರೂ ಬೇಡ ಅಂದವರೇ ಹೆಚ್ಚು, ಶೇ. 60ರ ಹತ್ತಿರ. ವಿಷಯ ನ್ಯಾಯಾಲಯಕ್ಕೆ ಹೋಯಿತು. 2013ರ ಜನವರಿ 28ರಂದು ಎಫ್ಟಾ, ಅಂದರೆ ಯುರೋಪಿನ ಮುಕ್ತ ವ್ಯಾಪಾರ ಒಕ್ಕೂಟದ ನ್ಯಾಯಾಲಯ, ಐಸ್‌ಲ್ಯಾಂಡ್ ಪರ ತೀರ್ಪು ಕೊಟ್ಟಿತು: ಅಂಥ ಮಹಾಕುಸಿತದಲ್ಲಿ ಠೇವಣಿ ನಿಧಿಯ ಕೊರತೆಯನ್ನು ಸರ್ಕಾರದ ಬೊಕ್ಕಸದಿಂದ ತುಂಬಿಕೊಡುವ ಕರ್ತವ್ಯ ಇಲ್ಲ ಅಂತ.

— ಅಂದರೆ ಬ್ರಿಟನ್ನಿಗೆ ಪಂಗನಾಮ.

— ಇಲ್ಲ. ಬಿದ್ದ ಬ್ಯಾಂಕಿನ ಆಸ್ತಿ ಮಾರಿ ಬಂದ ದುಡ್ಡಿನಲ್ಲಿ ಮೊದಲ ಹಕ್ಕು ಠೇವಣಿದಾರರಿಗೆ ಅಂತ 2008ರ ತುರ್ತು ಕಾನೂನಿನಲ್ಲೇ ಬರೆದಿದ್ದರು. ಆ ಆಸ್ತಿಯಿಂದಲೇ 2016ರ ಜನವರಿಯ ಹೊತ್ತಿಗೆ ಠೇವಣಿಯ ಬಾಬ್ತು ಅಸಲು ಪೂರ್ತಿ ತೀರಿತು. ಬ್ಯಾಂಕು ಮಾಡಿದ ಸಾಲ ಬ್ಯಾಂಕಿನ ಆಸ್ತಿಯಿಂದ ತೀರಿತು. ಕೈಸುಟ್ಟುಕೊಂಡಿದ್ದು ಬಾಂಡ್ ಕೊಂಡ ವಿದೇಶಿ ಬ್ಯಾಂಕುಗಳು. ಲಾಭದ ಆಸೆಗೆ ಸಾಲ ಕೊಟ್ಟವರು ನಷ್ಟವನ್ನೂ ಉಣ್ಣಬೇಕು ಅನ್ನುವುದು ಅನ್ಯಾಯವೇನಲ್ಲ.

— ಒಂದು ಮಾತು ನೀನು ಬಿಟ್ಟೆ. ಐಸ್‌ಲ್ಯಾಂಡಿನ ಒಳಗೆ ಇದ್ದ ಠೇವಣಿದಾರರಿಗೆ ಏನಾಯಿತು?

— ಅವರ ಖಾತೆ ಪೂರ್ತಿ ಹೊಸ ಬ್ಯಾಂಕಿಗೆ ಹೋಯಿತು. ಒಂದು ಪೈಸೆ ಹೋಗಲಿಲ್ಲ.

— ಹಾಗಾದರೆ ಓಟು ಇದ್ದವರ ದುಡ್ಡು ಉಳಿಯಿತು, ಓಟು ಇಲ್ಲದವರ ದುಡ್ಡು ಕೋರ್ಟು ಕಚೇರಿ ಅಲೆಯಿತು.

— ಹೌದು. ಅದರಲ್ಲಿ ನನಗೂ ಸಮಾಧಾನ ಇಲ್ಲ. ನ್ಯಾಯಾಲಯ ತಪ್ಪಲ್ಲ ಅಂದಿದೆ, ಆದರೂ ಚುಚ್ಚುತ್ತದೆ. ಮತದ ಬೇಲಿ ದೇಶದ ಗಡಿಗೆ ನಿಲ್ಲುತ್ತದೆ, ದುಡ್ಡು ಗಡಿ ದಾಟಿ ಹೋಗಿರುತ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾವ.

— ಗ್ರೀಸಿನವರೂ ಓಟು ಹಾಕಿದರಲ್ಲ?

— 2015ರ ಜುಲೈ 5. ಶೇ. 61 ಜನ ಸಾಲ ಕೊಟ್ಟವರ ಷರತ್ತು ಬೇಡ ಅಂದರು. ಹತ್ತು ದಿನವೂ ಆಗಿರಲಿಲ್ಲ, ಅವರದೇ ಸರ್ಕಾರ ಇನ್ನೂ ಬಿಗಿಯಾದ ಷರತ್ತಿಗೆ ಒಪ್ಪಿಕೊಂಡು ಬಂತು. ಅವರ ಕೈಯಲ್ಲಿ ತಮ್ಮದೇ ನಾಣ್ಯ ಇರಲಿಲ್ಲ, ಬ್ಯಾಂಕಿನ ಬಾಗಿಲು ಮುಚ್ಚಿತ್ತು, ಎಟಿಎಂನಲ್ಲಿ ದಿನಕ್ಕೆ 60 ಯೂರೋ. ಬೇಡ ಅಂದ ಮೇಲೆ ನಿಲ್ಲುವುದಕ್ಕೆ ನೆಲ ಬೇಕಲ್ಲ. ಐಸ್‌ಲ್ಯಾಂಡಿಗೆ ಆ ನೆಲ ಇತ್ತು: ಸ್ವಂತ ಕ್ರೋನಾ, ಸ್ವಂತ ಕೇಂದ್ರ ಬ್ಯಾಂಕು, ಕಡಲ ತುಂಬ ಮೀನು.

— ಈಗ ದಾರಿಗೆ ಬಂದೆ. ಹಾಗಾದರೆ ಅದನ್ನು ಎತ್ತಿದ್ದು ಮೀನೋ, ಓಟೋ?

— ಮೀನು, ಅಗ್ಗವಾದ ಕ್ರೋನಾ, ಆಮೇಲೆ ಪ್ರವಾಸಿಗರು. ಇದನ್ನು ಮುಚ್ಚಿಡುವುದಿಲ್ಲ. ಐಎಂಎಫ್ 210 ಕೋಟಿ ಡಾಲರ್ ಕೊಟ್ಟಿತು. ದುಡ್ಡು ದೇಶ ಬಿಟ್ಟು ಓಡದಂತೆ ಹಾಕಿದ ನಿರ್ಬಂಧ 2017ರವರೆಗೆ ಇತ್ತು. 2010ರಲ್ಲಿ ಜ್ವಾಲಾಮುಖಿ ಸಿಡಿದು ಯುರೋಪಿನ ಬಹುಪಾಲು ವಿಮಾನ ನಿಂತಾಗ ಆ ದೇಶದ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆ ವರ್ಷ ಐದು ಲಕ್ಷದ ಆಸುಪಾಸು ಇದ್ದ ಪ್ರವಾಸಿಗರು 2018ಕ್ಕೆ ಇಪ್ಪತ್ಮೂರು ಲಕ್ಷ ಆದರು. ನಿರುದ್ಯೋಗ ಶೇ. 9ರವರೆಗೆ ಏರಿದ್ದು 2016ಕ್ಕೆ ಶೇ. 3ರ ಹತ್ತಿರ ಬಂತು. ಬೆಳವಣಿಗೆ 2011ರಿಂದಲೇ ತಿರುಗಿತು. ಇದಕ್ಕೆಲ್ಲ ಪಾತ್ರೆ ಬಡಿದವರೇ ಕಾರಣ ಅಂದರೆ ಸುಳ್ಳಾಗುತ್ತದೆ.

— ಮತ್ತೆ?

— ಕಷ್ಟ ಹಂಚಿದ ರೀತಿ ನೋಡಿ. ಚೌಕದಲ್ಲಿ ಜನ ಇದ್ದರು ಅನ್ನುವ ಅರಿವು ಆಮೇಲೆ ಬಂದ ಪ್ರತಿ ಬಜೆಟ್ಟಿನ ಹಿಂದೆ ಇತ್ತು. ಯೊಹಾನ್ನಾ ಸಿಗುರ್ದರ್‌ದೊತ್ತಿರ್ ಪ್ರಧಾನಿಯಾದರು, ಆ ದೇಶದ ಮೊದಲ ಮಹಿಳಾ ಪ್ರಧಾನಿ. ಆದಾಯ ತೆರಿಗೆಯನ್ನು ಹಂತಹಂತ ಮಾಡಿ, ಹೆಚ್ಚು ಗಳಿಸುವವರ ಮೇಲೆ ಹೆಚ್ಚು ಹಾಕಿದರು. ಆಸ್ಪತ್ರೆ, ಶಾಲೆಗಳ ಖರ್ಚೂ ಕಡಿತವಾಯಿತು, ಆದರೆ ಬಡವರ ನೆರವಿಗೆ ಕೈಹಾಕಿದ್ದು ಕಡಿಮೆ. ಮನೆಯ ಬೆಲೆಯ ಶೇ. 110 ಮೀರಿದ ಸಾಲದ ಭಾಗವನ್ನು ಮನ್ನಾ ಮಾಡುವ ಯೋಜನೆ ಬಂತು. ಯೆನ್‌ಗೆ ಫ್ರಾಂಕ್‌ಗೆ ಜೋಡಿಸಿದ ಸಾಲವೇ ಕಾನೂನುಬಾಹಿರ ಅಂತ 2010ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ದುಡ್ಡು ಕಳೆದುಹೋಗಿತ್ತು, ಅದನ್ನು ಯಾವ ಓಟೂ ವಾಪಸ್ ತರುವುದಿಲ್ಲ. ಕಳೆದ ದುಡ್ಡಿನ ಭಾರ ಯಾರ ಮೇಲೆ ಎಷ್ಟು ಅನ್ನುವುದು ಮುಚ್ಚಿದ ಕೋಣೆಯಲ್ಲಿ ತೀರ್ಮಾನವಾದರೆ, ಆ ಕೋಣೆಯಲ್ಲಿ ಇಲ್ಲದವನ ತಲೆಗೇ ಬರುತ್ತದೆ. ನಾನು ನಂಬಿರುವುದು ಇದನ್ನು.

— ಲಂಕೆಗೆ ಬರುತ್ತೇನೆ ಅಂದೆಯಲ್ಲ.

— ಅದಕ್ಕೇ ಬಂದೆ. 2022ರ ಏಪ್ರಿಲ್ 9ರಿಂದ ಕೊಲಂಬೋದ ಗಾಲ್ ಫೇಸ್ ಕಡಲದಂಡೆಯಲ್ಲಿ ಜನ ಬೀಡುಬಿಟ್ಟರು. ಏಪ್ರಿಲ್ 12ಕ್ಕೆ ದೇಶ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತು. ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ, ಕಾಗದ ಇಲ್ಲದೆ ಪರೀಕ್ಷೆ ಮುಂದಕ್ಕೆ. ಬೆಲೆ ಏರಿಕೆ ಸೆಪ್ಟೆಂಬರ್ ಹೊತ್ತಿಗೆ ಶೇ. 70ರ ಹತ್ತಿರ. ಜುಲೈಯಲ್ಲಿ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಅಲ್ಲಿಯವರೆಗೆ ಐಸ್‌ಲ್ಯಾಂಡಿನ ಹಾಗೇ. ಆದರೆ ಮುಂದಿನ ಅಧ್ಯಕ್ಷರನ್ನು ಜನ ಆರಿಸಲಿಲ್ಲ, ಹಳೆಯ ಸಂಸತ್ತೇ ರನಿಲ್ ವಿಕ್ರಮಸಿಂಘೆ ಅವರನ್ನು ಕೂರಿಸಿತು. 2023ರ ಮಾರ್ಚ್‌ನಲ್ಲಿ ಆಗಬೇಕಿದ್ದ ಸ್ಥಳೀಯ ಚುನಾವಣೆಯನ್ನು ದುಡ್ಡಿಲ್ಲ ಅಂತ ಮುಂದೂಡಿದರು.

— ಚುನಾವಣೆಗೇ ದುಡ್ಡಿಲ್ಲ!

— ಆಮೇಲೆ ನೋಡಿ. ಜುಲೈ 1, ಶನಿವಾರ. ಒಳನಾಡಿನ ಸಾಲವನ್ನು ಹೇಗೆ ಹಗುರ ಮಾಡಬೇಕು ಅನ್ನುವ ಯೋಜನೆಗೆ ಸಂಸತ್ತು ಒಪ್ಪಿತು. ಬ್ಯಾಂಕುಗಳ ಕೈಯಲ್ಲಿದ್ದ ಸರ್ಕಾರಿ ಬಾಂಡ್ ಮುಟ್ಟಲಿಲ್ಲ. ಕಾರ್ಮಿಕರ ಭವಿಷ್ಯನಿಧಿಯ ಕೈಯಲ್ಲಿದ್ದ ಬಾಂಡ್‌ಗಳನ್ನು ದೀರ್ಘಾವಧಿಯ, ಮುಂದೆ ಬಡ್ಡಿ ಇಳಿಯುವ ಬಾಂಡ್‌ಗಳಿಗೆ ಬದಲಾಯಿಸಿದರು. ಬ್ಯಾಂಕು ಕುಸಿದರೆ ಎಲ್ಲರಿಗೂ ಕಷ್ಟ ಅನ್ನುವುದು ಅವರ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಚಹಾ ತೋಟದಲ್ಲಿ ಎಲೆ ಕಿತ್ತವಳ, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿದವಳ ಪಿಎಫ್ ಅದು. ಅವಳನ್ನು ಒಂದು ಮಾತು ಕೇಳುವ ಚುನಾವಣೆಯನ್ನೇ ಮುಂದೂಡಿ ಆಗಿತ್ತು. ಹಾಗೆ ಮುಂದೂಡಿದ್ದು ಮೂಲಭೂತ ಹಕ್ಕಿನ ಉಲ್ಲಂಘನೆ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುತಿಂಗಳೇ ಜನ ಓಟಿನಲ್ಲಿ ಉತ್ತರ ಕೊಟ್ಟರು, ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾಗಿ ಬಂದರು. ಆದರೆ ಆ ಹೊತ್ತಿಗೆ ನಷ್ಟದ ಪಾಲು ಹೆಚ್ಚೂಕಡಿಮೆ ಬರೆದು ಮುಗಿದಿತ್ತು.

— ಐಸ್‌ಲ್ಯಾಂಡಿನಲ್ಲಿ ಎಲ್ಲ ಚೆನ್ನಾಗೇ ಮುಗಿಯಿತು ಅನ್ನು.

— ಮುಗಿಯಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಅವರ ಸಂವಿಧಾನದ ವಿಷಯಕ್ಕೆ. ಇನ್ನೊಮ್ಮೆ ಹೀಗಾಗಬಾರದು, ಬೇರಿನಿಂದಲೇ ಸರಿಮಾಡೋಣ ಅಂತ ಹೊರಟರು. 2010ರ ನವೆಂಬರ್ 6ರಂದು ಜನಸಂಖ್ಯಾ ನೋಂದಣಿ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ ಸುಮಾರು 950 ಮಂದಿ ಒಂದು ದಿನ ಒಟ್ಟಿಗೆ ಕೂತು ನಮ್ಮ ಸಂವಿಧಾನದಲ್ಲಿ ಏನಿರಬೇಕು ಅಂತ ಚರ್ಚಿಸಿದರು. ಆಮೇಲೆ ಕರಡು ಬರೆಯಲು 25 ಜನ. ಸಂಸದರು ನಿಲ್ಲುವಂತಿಲ್ಲ. ಐನೂರಕ್ಕೂ ಹೆಚ್ಚು ಮಂದಿ ನಿಂತರು. ರೈತ, ಪಾದ್ರಿ, ಪ್ರಾಧ್ಯಾಪಕ, ಪತ್ರಕರ್ತ ಗೆದ್ದರು. ಮತದಾನದ ವಿಧಾನದಲ್ಲಿ ದೋಷ ಇದೆ ಅಂತ ಸುಪ್ರೀಂ ಕೋರ್ಟ್ ಆ ಚುನಾವಣೆಯನ್ನೇ ರದ್ದು ಮಾಡಿತು. ಸಂಸತ್ತು ಅದೇ 25 ಮಂದಿಯನ್ನು ಪರಿಷತ್ತು ಅಂತ ನೇಮಿಸಿತು. ನಾಲ್ಕು ತಿಂಗಳು ಕೂತರು. ಬರೆದಿದ್ದನ್ನು ವಾರವಾರ ಇಂಟರ್‌ನೆಟ್ಟಿನಲ್ಲಿ ಹಾಕಿದರು, ಜನ ತಿದ್ದುಪಡಿ ಹೇಳಿದರು, ಕೆಲವನ್ನು ಸೇರಿಸಿದರು. 2012ರ ಅಕ್ಟೋಬರ್ 20ಕ್ಕೆ ಜನಮತ. ಮೂರರಲ್ಲಿ ಎರಡು ಪಾಲು ಜನ ಇದನ್ನೇ ಆಧಾರ ಮಾಡಿ ಅಂದರು. ಖಾಸಗಿ ಒಡೆತನದಲ್ಲಿ ಇಲ್ಲದ ನೈಸರ್ಗಿಕ ಸಂಪತ್ತು, ಅಂದರೆ ಮುಖ್ಯವಾಗಿ ಮೀನು, ಇಡೀ ರಾಷ್ಟ್ರದ್ದು ಅನ್ನುವ ಮಾತಿಗೆ ಶೇ. 83 ಒಪ್ಪಿಗೆ.

— ಮೀನಿಗೆ ಕೈಹಾಕಿದರು. ಅಲ್ಲಿಗೆ ನಿಂತಿರಬೇಕು.

— ಬಹುಪಾಲು ಅಲ್ಲಿಗೇ. ಮೀನು ಹಿಡಿಯುವ ಕೋಟಾ ಕೆಲವೇ ಕಂಪನಿಗಳ ಕೈಯಲ್ಲಿದೆ, ಅವಕ್ಕೆ ಅದು ಬಂಗಾರ. ಇನ್ನೊಂದು ಕಾರಣ ನಾನು ಹೇಳಲೇಬೇಕು. ಆ ಜನಮತಕ್ಕೆ ಬಂದವರು ಅರ್ಧದಷ್ಟು ಮತದಾರರು ಮಾತ್ರ. 25 ಮಂದಿಯನ್ನು ಆರಿಸುವಾಗ ಬಂದವರು ಇನ್ನೂ ಕಡಿಮೆ, ನೂರಕ್ಕೆ ಮೂವತ್ತಾರರ ಹತ್ತಿರ. ಐಸ್‌ಸೇವ್ ಎರಡನೇ ಮತಕ್ಕೆ ಶೇ. 75 ಬಂದಿದ್ದರು. ಜೇಬಿಗೆ ಬೆಂಕಿ ಬಿದ್ದಾಗ ಓಡಿ ಬಂದ ಜನ, ಮುಂದೆ ಬೆಂಕಿ ಬೀಳದ ಹಾಗೆ ಮನೆ ಕಟ್ಟುವಾಗ ಬರಲಿಲ್ಲ. 2013ರ ವಸಂತದಲ್ಲಿ ಸಂಸತ್ತು ಆ ಕರಡಿಗೆ ಓಟು ಹಾಕದೆಯೇ ಎದ್ದಿತು. ಏಪ್ರಿಲ್ ಚುನಾವಣೆಯಲ್ಲಿ ಕುಸಿತಕ್ಕೆ ಮೊದಲು ಆಳಿದ ಪಕ್ಷಗಳೇ ಮನೆ ಸಾಲ ಇಳಿಸುತ್ತೇವೆ ಅಂತ ಹೇಳಿ ವಾಪಸ್ ಬಂದವು. ಪಕ್ಕದ ಮನೆಯವರ ಕೆಲಸ ವಾಪಸ್ ಬಂದಿತ್ತು, ಮೀನಿನ ದೋಣಿ ತುಂಬಿ ಬರುತ್ತಿತ್ತು, ಸಂವಿಧಾನ ಯಾರಿಗೆ ನೆನಪಿರುತ್ತದೆ? ಅದು ಇವತ್ತಿಗೂ ಹಾಗೇ ಇದೆ. ಚೌಕ ಮಾತ್ರ ಮರೆತಿಲ್ಲ. 2016ರಲ್ಲಿ ಪನಾಮಾ ಕಾಗದಗಳಲ್ಲಿ, ಅಂದರೆ ಹೊರದೇಶದ ಕಂಪನಿಗಳ ಸೋರಿಕೆಯಾದ ದಾಖಲೆಗಳಲ್ಲಿ, ಪ್ರಧಾನಿಯ ಹೆಸರು ಬಂದಾಗ ಸಾವಿರಾರು ಜನ ಮತ್ತೆ ಅಲ್ಲೇ ಸೇರಿದರು, ಮರುದಿನವೇ ಅವರು ಹುದ್ದೆ ಬಿಡಬೇಕಾಯಿತು.

— ನಮ್ಮ ಸಂಘದ ಸದಸ್ಯರು ಎಷ್ಟು ಜನ ಗೊತ್ತಾ ನಿನಗೆ? ನಾಲ್ಕು ಸಾವಿರ.

— ನೀವು ದುಡ್ಡು ಇಟ್ಟ ಸಂಘವೇ?

— ಹೂಂ. ನಿವೃತ್ತಿಯಾದಾಗ ಬಂದ ಎಂಟು ಲಕ್ಷ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಕಾರ್ಯದರ್ಶಿ ಗೊತ್ತಿದ್ದವನು. ಬ್ಯಾಂಕು ಆಗಿದ್ದರೆ ಐದು ಲಕ್ಷದವರೆಗೆ ವಿಮೆಯಾದರೂ ಇರುತ್ತಿತ್ತು, ಪತ್ತಿನ ಸಹಕಾರ ಸಂಘಕ್ಕೆ ಅದೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ನಿಮ್ಮತ್ತೆಯ ಕಣ್ಣಿನ ಆಪರೇಷನ್ನಿಗೆ ದುಡ್ಡು ತೆಗೆಯಲು ಹೋದರೆ ಶಟರು ಅರ್ಧ ಎಳೆದಿದ್ದರು. ಹೊರಗೆ ಮೆಟ್ಟಿಲ ಮೇಲೆ ಹೂವು ಮಾರುವ ಹೆಂಗಸೊಬ್ಬಳು ಪಿಗ್ಮಿ ಪಾಸ್‌ಬುಕ್ಕು ಹಿಡಿದು ಕೂತಿದ್ದಳು. ದಿನಕ್ಕೆ ಐವತ್ತು ರೂಪಾಯಿಯ ಹಾಗೆ ಕಟ್ಟಿದ್ದಳಂತೆ, ಮಗಳ ಮದುವೆಗೆ. ಮೇಷ್ಟ್ರೇ, ಇದರಲ್ಲಿ ಎಷ್ಟಾಗಿದೆ ಕೂಡಿ ಹೇಳಿ ಅಂದಳು. ಕೂಡಿ ಹೇಳಿದೆ. ನನ್ನ ದುಡ್ಡಿಗಿಂತ ಅದು ಇಲ್ಲಿ ಕೂತಿದೆ.

— ...

— ಹನ್ನೆರಡು ವರ್ಷದಿಂದ ಷೇರುದಾರ ನಾನು. ಪ್ರತಿವರ್ಷ ಸರ್ವ ಸದಸ್ಯರ ಸಭೆಯ ನೋಟಿಸು ಬರುತ್ತಿತ್ತು, ಜೊತೆಗೆ ವರದಿ ಪುಸ್ತಕ. ಕಲ್ಯಾಣ ಮಂಟಪದಲ್ಲಿ ಸಭೆ. ಹೋಗುತ್ತಿದ್ದೆ. ಪುಸ್ತಕದಲ್ಲಿ ಸಹಿ ಹಾಕಿ, ಊಟ ಮಾಡಿ, ಸ್ವೀಟ್ ಬಾಕ್ಸು ಇಸಿದುಕೊಂಡು ಬರುತ್ತಿದ್ದೆ. ವೇದಿಕೆಯ ಮೇಲಿಂದ ಲೆಕ್ಕಪತ್ರಕ್ಕೆ ಸಭೆಯ ಒಪ್ಪಿಗೆ ಇದೆಯೇ ಅಂತ ಕೇಳುತ್ತಿದ್ದರು. ಇದೆ ಅಂತ ಎಲ್ಲರ ಜೊತೆ ಕೈ ಎತ್ತುತ್ತಿದ್ದೆ. ಲೆಕ್ಕದ ಮೇಷ್ಟ್ರು. ಒಂದು ವರ್ಷವೂ ಒಳಗಿನ ಪುಟ ತೆರೆದು ನೋಡಲಿಲ್ಲ.

— ಮಾವ, ನಿಮ್ಮನ್ನು ನೀವೇ...

— ಇರು, ಮುಗಿಸುತ್ತೇನೆ. ಬರುವ ಭಾನುವಾರ ವಿಶೇಷ ಸಭೆ ಅಂತೆ. ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಆಮೇಲೆ ಅನ್ನುವುದು ತೀರ್ಮಾನ. ಹೋಗುವುದೇ ಬೇಡ, ಏನು ಪ್ರಯೋಜನ ಅಂತ ಬೆಳಿಗ್ಗೆ ತಾನೆ ನಿಮ್ಮತ್ತೆಗೆ ಹೇಳಿದ್ದೆ. ಆ ಹೂವಿನವಳೂ ಸದಸ್ಯೆಯೋ ಬರೀ ಪಿಗ್ಮಿಯವಳೋ ಗೊತ್ತಿಲ್ಲ. ಸದಸ್ಯೆ ಅಲ್ಲದಿದ್ದರೆ ಅವಳಿಗೆ ಅಲ್ಲಿ ಓಟಿಲ್ಲ, ನಿನ್ನ ಬ್ರಿಟನ್ನಿನವರ ಹಾಗೆ.

— ನೀವು ಹೋದರೆ ಅವಳ ಮಾತೂ ಎತ್ತಬಹುದು.

— ಬೀರುವಿನ ಕೆಳಗಿನ ಖಾನೆಯಲ್ಲಿ ಎಲ್ಲ ವರ್ಷದ ವರದಿಗಳಿವೆ, ನಿಮ್ಮತ್ತೆ ಬಿಸಾಡಲು ಬಿಟ್ಟಿಲ್ಲ. ಹಳೆಯದು ಮೊದಲು ತೆಗೆದುಕೊಂಡು ಬಾ. ಸಾಲ ಪಡೆದ ನಿರ್ದೇಶಕರ ಪಟ್ಟಿ ಹಿಂದಿನ ಪುಟಗಳಲ್ಲಿ ಇರಬೇಕು, ಅಕ್ಷರ ಸಣ್ಣ, ನನ್ನ ಕಣ್ಣಿಗೆ ಹತ್ತುವುದಿಲ್ಲ. ನೀನು ಗಟ್ಟಿಯಾಗಿ ಓದು, ನಾನು ಬರೆದುಕೊಳ್ಳುತ್ತೇನೆ.